ಮರೆಯೊಳಗೆ ಇಬ್ಬರು

"ಅಜ್ಜಾರ, ಈ ಪೆಟ್ಟಿಗ್ಯಾಗ ನಂದು ಅನ್ನೂದು ಯಾವುದ್ರಿ?"

ಕೇಳಿದವನು ಅಡಿವೆಪ್ಪ. ಇಪ್ಪತ್ತೆರಡು ವರ್ಷಗಳಿಂದ ಹಕ್ಕಿಗಳ ಚಿತ್ರ ತೆಗೆಯುತ್ತ ಬಂದವನು. ಮಠದಲ್ಲಿ ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಕಟ್ಟೆಯ ಮೇಲೆ ಗುರುಗಳು ಒಬ್ಬರೇ ಕುಳಿತಿದ್ದರು. ಅವನು ಒಂದು ತಗಡಿನ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತಂದು, ನಿಲ್ದಾಣದಿಂದ ತಲೆಯ ಮೇಲೆ ಹೊತ್ತು, ಅವರ ಮುಂದೆ ಇಳಿಸಿದ್ದ.

ಪೆಟ್ಟಿಗೆಯಲ್ಲಿ ಏನಿದೆ ಎಂದು ಗುರುಗಳು ಕೇಳಲಿಲ್ಲ. ಅವನೇ ಹೇಳಿದ. ಇದುವರೆಗೆ ತೆಗೆದ ಚಿತ್ರಗಳ ನೆಗೆಟಿವ್‌ಗಳೆಲ್ಲ ಅದರಲ್ಲಿವೆ. ಪಟ್ಟಣದ ಕಲಾಮಂದಿರದವರು ಅವನ ಹನ್ನೆರಡು ಚಿತ್ರಗಳನ್ನು ಗೋಡೆಗೆ ಹಾಕುವುದಾಗಿ ಪತ್ರ ಬರೆದಿದ್ದಾರೆ. ನಿಮ್ಮದೇ ಎನ್ನಿಸುವ ಹನ್ನೆರಡನ್ನು ನೀವೇ ಆರಿಸಿ ಕಳಿಸಿ ಎಂಬ ಸಾಲು ಅದರಲ್ಲಿದೆ. ಆ ಸಾಲು ಅವನನ್ನು ಹಿಡಿದುಕೊಂಡಿತು. ಇಪ್ಪತ್ತು ದಿನ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಒಂದರಲ್ಲಿ ಕಲಿಸಿದವರು ಕಂಡರು. ಒಂದರಲ್ಲಿ ಎಂದೋ ಓದಿದ ಪುಸ್ತಕದ ಪುಟ ಕಂಡಿತು. ಇನ್ನೊಂದರಲ್ಲಿ ಚಿಕ್ಕಂದಿನಲ್ಲಿ ನೋಡಿದ ಗುಡಿಯ ಗೋಡೆಯ ಚಿತ್ರ ಕಂಡಿತು. ಒಂದನ್ನು ಎತ್ತಿಟ್ಟ. ಮರುದಿನ ಅದೂ ಬೇರೆಯವರದು ಎನ್ನಿಸಿ ಹಿಂದಕ್ಕೆ ಹಾಕಿದ. ಕೊನೆಗೆ ಹನ್ನೆರಡಿರಲಿ, ಒಂದೂ ಉಳಿಯಲಿಲ್ಲ.

"ಎಲ್ಲಾರೂ ಅದಾರ್ರಿ ಇದರಾಗ. ನಾ ಒಬ್ಬಾವ ಇಲ್ಲ. ಮಠದ ಬಾವಿಗೆ ಹಾಕಿ ಹೋಗಬೇಕಂತ ಬಂದೇನಿ. ನೀವು ಹೂಂ ಅನ್ರಿ."

"ಆ ಬಾವಿ ನೀರು ಮಂದಿ ಕುಡಿತಾರಪಾ," ಎಂದರು ಗುರುಗಳು. "ಮೊದಲ ಕೂಡು."

ಅವನು ಕುಳಿತ. ಪೆಟ್ಟಿಗೆಯ ಮೇಲಿನ ಕೈ ತೆಗೆಯಲಿಲ್ಲ.

"ಒಂದು ಕೇಳ್ತೀನಿ. ಹಕ್ಕಿ ಚಿತ್ರ ತೆಗೆಯೋರು ಬಟ್ಟೆಯ ಮರೆ ಕಟ್ಟಿ ಅದರೊಳಗ ಇಬ್ಬರು ಹೋಗ್ತಾರಂತ. ಖರೇನ?"

"ಖರೆ ರೀ. ಹಕ್ಕಿಗೆ ಎಣಿಕಿ ಬರೂದಿಲ್ರಿ. ಇಬ್ಬರು ಹೋಗಿ ಒಬ್ಬರು ಹೊರಗ ಬಂದ್ರ, ಬಂದವರು ಹೋದ್ರು ಅಂತ ತಿಳಕೊಂಡು ಗೂಡಿಗೆ ಬರ್ತಾವ. ಒಳಗ ಉಳದಾಂವ ಚಿತ್ರ ತೆಗೀತಾನ."

"ನಿನ್ನ ಜೋಡಿ ಯಾರು ಬರತಿದ್ರು?"

"ಕಲಿಸಿದವರ ಬರತಿದ್ರು. ಅವರು ತೀರಿಕೊಂಡು ಎಂಟು ವರ್ಷಾತು."

ಗುರುಗಳು ಈ ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಅವನಿಗೆ ಕಲಿಸಿದವರು ಅವನಿಗಿಂತ ಮೂವತ್ತು ವರ್ಷ ದೊಡ್ಡವರು. ಊರಿನವರು ಅವರನ್ನು ಮಾಸ್ತರು ಎನ್ನುತ್ತಿದ್ದರು. ಅವನೂ ಹಾಗೆಯೇ ಕರೆಯುತ್ತಿದ್ದ.

ಊರ ಹೊರಗೆ ಒಂದು ಕೆರೆಯಿತ್ತು. ಬೇಸಿಗೆಯಲ್ಲಿ ಅದರ ನೀರು ಒಂದು ಮೂಲೆಗೆ ಸರಿಯುತ್ತಿತ್ತು. ಉಳಿದ ಅಂಗಳವೆಲ್ಲ ಹರಳುಕಲ್ಲು. ಆ ಕಲ್ಲುಗಳ ನಡುವೆ ಟಿಟ್ಟಿಭ ಮೊಟ್ಟೆ ಇಡುತ್ತಿತ್ತು. ಅದು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ಒಂದಿಷ್ಟು ಹರಳು, ನಡುವೆ ನಾಲ್ಕು ಮೊಟ್ಟೆ. ಕಲ್ಲು ಯಾವುದು ಮೊಟ್ಟೆ ಯಾವುದು ಎಂದು ತಿಳಿಯುವುದಿಲ್ಲ. ಮನುಷ್ಯನನ್ನು ಕಂಡರೆ ಆ ಹಕ್ಕಿ ಎದ್ದು ಕೂಗುತ್ತದೆ. ಅವನು ಹೋಗುವ ತನಕ ಕೂಗು ನಿಲ್ಲಿಸುವುದಿಲ್ಲ.

ಮಾಸ್ತರು ನಾಲ್ಕು ಬಿದಿರ ಗಳು ನೆಟ್ಟು, ಮಣ್ಣಿನ ಬಣ್ಣದ ಬಟ್ಟೆ ಹೊದಿಸಿ ಮರೆ ಮಾಡುತ್ತಿದ್ದರು. ಮೊದಲ ದಿನ ಅದನ್ನು ದೂರದಲ್ಲಿ ನಿಲ್ಲಿಸುವರು. ಹಕ್ಕಿಗೆ ರೂಢಿಯಾಗಲೆಂದು ದಿನಕ್ಕೆ ಐದಾರು ಹೆಜ್ಜೆ ಹತ್ತಿರ ತರುವರು. ಎಂಟು ಹತ್ತು ದಿನಕ್ಕೆ ಅದು ಮೊಟ್ಟೆಗಳಿಂದ ಹನ್ನೆರಡು ಹೆಜ್ಜೆಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಒಳಗೆ ಹೋಗುವರು.

ಒಳಗೆ ಮಾಸ್ತರ ಕೆಲಸ ಸ್ವಲ್ಪವೇ. ಸ್ಟೂಲು ಅಲುಗಾಡದಂತೆ ಅದರ ಒಂದು ಕಾಲಿಗೆ ಚಪ್ಪಟೆ ಕಲ್ಲು ಕೊಡುವರು. ಲೆನ್ಸಿನ ಧೂಳು ಒರೆಸುವರು. ಒಂದು ಮಾತು ಹೇಳುವರು. "ಇವತ್ತ ಕೆಳಗ ಕೂಡು" ಎಂದೋ, "ಗಾಳಿ ನೋಡು" ಎಂದೋ. ಎರಡನೆಯ ಮಾತು ಆಡಿದ್ದಿಲ್ಲ. ಎದ್ದು ಹೊರಗೆ ಹೋಗುವರು.

ಹೊರಗೆ ಹೋಗುವುದಕ್ಕೂ ಒಂದು ರೀತಿಯಿತ್ತು. ಕದ್ದು ಹೋಗಬಾರದು. ಹಕ್ಕಿಗೆ ಚೆನ್ನಾಗಿ ಕಾಣುವಂತೆ ಹೋಗಬೇಕು. ಹೆಗಲ ಮೇಲೆ ಕೆಂಪು ಟವೆಲು. ಒಮ್ಮೆ ಕೆಮ್ಮಬೇಕು. ಕೈಗಳನ್ನು ಇಳಿಬಿಟ್ಟು ನಿಧಾನವಾಗಿ ನಡೆಯಬೇಕು. ಹಿಂದಿರುಗಿ ನೋಡಬಾರದು. ಹಿಂದೆ ಏನನ್ನೋ ಬಿಟ್ಟು ಬಂದವನು ಮಾತ್ರ ಹಿಂದಿರುಗಿ ನೋಡುತ್ತಾನೆ, ಅದು ಹಕ್ಕಿಗೆ ಗೊತ್ತು ಎಂದು ಮಾಸ್ತರು ಹೇಳುತ್ತಿದ್ದರು.

ಹಾಗೆ ನಡೆದು ಕೆರೆಯ ಆಚೆ ದಂಡೆಗೆ ಹೋಗುವರು. ಅಲ್ಲಿ ಒಂದು ಜಾಲಿಯ ಮರ. ಅದರ ಕೆಳಗೆ ಸಂಜೆಯ ತನಕ ಕೂಡುವರು. ಸಂಜೆ ಮರಳಿ ಬಂದು ಮರೆಯೊಳಗಿನವನನ್ನು ಕರೆದುಕೊಂಡು ಹೋಗುವರು. ಒಳಗಿದ್ದವನು ತಾನಾಗಿ ಹೊರಗೆ ಬಂದರೆ ಹಕ್ಕಿಗೆ ಗುಟ್ಟು ತಿಳಿಯುತ್ತದೆ. ಆಮೇಲೆ ಅದು ಆ ಬಟ್ಟೆಯನ್ನು ನಂಬುವುದಿಲ್ಲ.

ಆ ಕೆರೆಯ ಕಡೆ ಕುರಿ ಮೇಯಿಸುವವನೊಬ್ಬ ಬರುತ್ತಿದ್ದ. ಅವನಿಗೆ ಇದು ದಿನವೂ ತಮಾಷೆ.

"ಮಾಸ್ತರ, ಇಬ್ಬರು ಒಳಗ ಹೊಕ್ಕೀರಿ, ಒಬ್ಬರ ಹೊರಗ ಬರ್ತೀರಿ. ಇನ್ನೊಬ್ಬರನ್ನ ಹಕ್ಕಿ ತಿಂತೈತೇನ್ರಿ?"

"ತಿನ್ನೂದಿಲ್ಲ," ಎನ್ನುವರು ಮಾಸ್ತರು. "ಸಂಜೀತನಕ ಅಗೀತೈತಿ. ಆಮ್ಯಾಲೆ ಉಗುಳ್ತೈತಿ."

ಹೀಗೆ ಹದಿನಾಲ್ಕು ಬೇಸಿಗೆ ನಡೆಯಿತು. ಈ ಹದಿನಾಲ್ಕು ವರ್ಷ ಮಾಸ್ತರು ತಮ್ಮ ಕ್ಯಾಮೆರಾ ಮುಟ್ಟಲಿಲ್ಲ. ಮೊಣಕಾಲು ನೋವು, ಮರೆಯೊಳಗೆ ಮಡಚಿ ಕೂಡಲು ಆಗುವುದಿಲ್ಲ ಎನ್ನುತ್ತಿದ್ದರು. ಅವನು ನಂಬಿದ್ದ.

ಊರಿನ ವಾಚನಾಲಯದಲ್ಲಿ ವರ್ಷಕ್ಕೊಮ್ಮೆ ಅವನ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಮೊದಲ ವರ್ಷ ನೋಡಿದವರು, ಮಾಸ್ತರ ಕೈ ಇದ್ದ ಹಾಗೆಯೇ ಇದೆ ಎಂದರು. ಅವನಿಗೆ ಸಂತೋಷವಾಯಿತು. ಐದನೆಯ ವರ್ಷವೂ ಅದನ್ನೇ ಅಂದರು. ಅವನು ನಕ್ಕು ಸುಮ್ಮನಾದ. ಹತ್ತನೆಯ ವರ್ಷ ಅಂದಾಗ ಮನೆಗೆ ಬಂದು ಊಟ ಮಾಡಲಿಲ್ಲ.

ಅವನು ಚಿತ್ರಗಳನ್ನು ನೆಲದ ಮೇಲೆ ಹರಡಿ ನೋಡಿದ. ಹೌದು. ಎಲ್ಲವೂ ಹಕ್ಕಿಯ ಕಣ್ಣಿನ ಎತ್ತರಕ್ಕೆ ಇಳಿದು ತೆಗೆದವು. ಕೆಳಗೆ ಕೂಡು ಎಂದವರು ಮಾಸ್ತರು. ಅಂದಿನಿಂದ ಅವನು ಬೇರೆಯವರನ್ನು ಹುಡುಕಿಕೊಂಡು ಹೋದ.

ಪೇಟೆಯಲ್ಲಿ ಸಿನಿಮಾದ ದೊಡ್ಡ ಬೋರ್ಡುಗಳನ್ನು ಬರೆಯುವ ಪೇಂಟರೊಬ್ಬನಿದ್ದ. ಅವನ ಹತ್ತಿರ ಆರು ತಿಂಗಳು ಕುಳಿತ. ಮುಖ ಎತ್ತ ನೋಡುತ್ತದೆಯೋ ಅತ್ತ ಜಾಗ ಬಿಡಬೇಕು, ಇಲ್ಲದಿದ್ದರೆ ನೋಟ ಬೋರ್ಡಿನ ಅಂಚಿಗೆ ಹಾಯುತ್ತದೆ ಎಂದು ಆ ಪೇಂಟರ್ ಹೇಳಿದ. ಅವನು ಹಕ್ಕಿಗಳ ಮುಂದೆ ಜಾಗ ಬಿಟ್ಟು ಚಿತ್ರ ತೆಗೆದ. ಚಿತ್ರಗಳು ಚೆನ್ನಾಗಿಯೇ ಬಂದವು. ಆದರೆ ಅವುಗಳನ್ನು ನೋಡುವಾಗ ಅವನಿಗೆ ಬಣ್ಣದ ಡಬ್ಬಿಗಳ ವಾಸನೆ ಬರುತ್ತಿತ್ತು.

ವಾಚನಾಲಯದ ಕಪಾಟಿನಲ್ಲಿ ದೂರದ ಯಾವುದೋ ದೇಶದ ಒಂದು ಚಿತ್ರಪುಸ್ತಕ ಸಿಕ್ಕಿತು. ಅದರ ಲಿಪಿ ಅವನಿಗೆ ಬರುತ್ತಿರಲಿಲ್ಲ. ಚಿತ್ರಗಳು ಮಾತ್ರ ಅರ್ಥವಾದವು. ಪುಟವೆಲ್ಲ ಕತ್ತಲೆ, ಒಂದು ಕಡೆ ರೆಕ್ಕೆಯ ಅಂಚು ಮಾತ್ರ ಬೆಳಕು. ಅವನು ನಾಲ್ಕು ಬಾರಿ ಆ ಪುಸ್ತಕವನ್ನು ಮನೆಗೆ ತಂದ. ಮುಂದಿನ ಬೇಸಿಗೆಯ ಅವನ ಚಿತ್ರಗಳಲ್ಲಿ ಕತ್ತಲೆ ತುಂಬಿತು. ವಾಚನಾಲಯದ ಗುಮಾಸ್ತ ನೋಡಿ, ಆ ಪುಸ್ತಕವನ್ನು ಇನ್ನೂ ಮರಳಿಸಿಲ್ಲವೇ ಎಂದು ಕೇಳಿದ.

ಅವನಿಗೆ ಗೊಂದಲ ಶುರುವಾದದ್ದು ಆಗ. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರೆ, ನೋಡುತ್ತಿರುವುದು ಯಾರು ಎಂದು ತಿಳಿಯುತ್ತಿರಲಿಲ್ಲ. ಕೆಳಗೆ ಕೂತರೆ ಮಾಸ್ತರು. ಜಾಗ ಬಿಟ್ಟರೆ ಪೇಂಟರು. ನೆರಳಿಗೆ ಕಾದರೆ ಪುಸ್ತಕ. ಮೊದಲು ಮರೆಯಲ್ಲಿ ಅವನೊಬ್ಬನೇ ಕೂತಿರುತ್ತಿದ್ದ. ಈಗ ಅಲ್ಲಿ ಮೊಣಕೈ ಆಡಿಸಲು ಜಾಗವಿಲ್ಲದಷ್ಟು ಜನ ಎನ್ನಿಸತೊಡಗಿತು.

ಎಲ್ಲವನ್ನೂ ಬಿಟ್ಟು ನೋಡೋಣ ಎಂದುಕೊಂಡ. ಕೆಳಗೆ ಕೂಡಲಿಲ್ಲ. ಜಾಗ ಬಿಡಲಿಲ್ಲ. ನೆರಳಿಗೆ ಕಾಯಲಿಲ್ಲ. ನಟ್ಟನಡುವೆ ಹಕ್ಕಿಯನ್ನಿಟ್ಟು, ನಡುಹಗಲಿನ ಬೆಳಕಿನಲ್ಲಿ, ನಿಂತುಕೊಂಡು ತೆಗೆದ. ಇದು ಯಾರ ಹಾಗೂ ಇಲ್ಲ ಎಂದು ಆ ಪ್ರಿಂಟನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಕೆರೆಯ ಹತ್ತಿರ ಕುರಿಯವನಿಗೆ ತೋರಿಸಿದ.

ಕುರಿಯವನು ತಿರುವಿ ತಿರುವಿ ನೋಡಿದ. "ಹಕ್ಕಿಗೂ ರೇಷನ್ ಕಾರ್ಡು ಮಾಡಸಾಕತ್ತೀರೇನ್ರಿ ಸಾಹೇಬ್ರ?"

ಅವನು ಆ ಪ್ರಿಂಟನ್ನು ಹರಿದು ಹಾಕಿದ.

ಆಗ ಅವನಿಗೆ ಒಂದು ಯೋಚನೆ ಬಂತು. ಪೇಂಟರು ಮತ್ತು ಪುಸ್ತಕ ಆಮೇಲೆ ಬಂದವರು. ಮೊದಲು ಬಂದವರು ಮಾಸ್ತರು. ದಿನವೂ ಜೊತೆಗೆ ಒಳಗೆ ಬರುತ್ತಾರೆ. ಒಂದು ಮಾತು ಹೇಳಿ ಹೋಗುತ್ತಾರೆ. ಆ ಮಾತು ಸಂಜೆಯ ತನಕ ಮರೆಯೊಳಗೇ ಇರುತ್ತದೆ. ಅವರು ಒಳಗೆ ಬಾರದಿದ್ದರೆ ಆ ಮಾತೂ ಬರುವುದಿಲ್ಲ. ಒಮ್ಮೆಯಾದರೂ ಮರೆಯೊಳಗೆ ತಾನೊಬ್ಬನೇ ಹೋಗಬೇಕು. ಆಗ ತೆಗೆದ ಚಿತ್ರ ತನ್ನದು.

ಅವನು ಮಾಸ್ತರ ಮನೆಗೆ ಹೋದ. ಅವರು ಬಾಗಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಮಾಸ್ತರ, ನಾಳೆ ನಾ ಒಬ್ಬನ ಹೋಗ್ತೀನ್ರಿ."

"ಒಬ್ಬನ ಒಳಗ ಹೋದ್ರ, ಹೊರಗ ಬರಾಂವ ಯಾರು?"

"ಯಾರೂ ಬರೂದು ಬ್ಯಾಡ್ರಿ. ಸ್ವಲ್ಪ ಹೊತ್ತಾದ್ರ ಹಕ್ಕಿ ತಾನ ಸಮಾಧಾನ ಆಗ್ತೈತಿ."

ಮಾಸ್ತರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಇಟ್ಟರು.

"ಬಿಸಿಲು ಬಾಳ ಐತಿ," ಎಂದರು. "ನೀರು ತಗೊಂಡು ಹೋಗು."

ಮರುದಿನ ಏಳು ಗಂಟೆಗೆ ಅವನು ಒಬ್ಬನೇ ಕೆರೆಯಂಗಳಕ್ಕೆ ಇಳಿದ. ಮರೆ ಹನ್ನೆರಡು ಹೆಜ್ಜೆಯಲ್ಲಿ ನಿಂತಿತ್ತು. ಹಕ್ಕಿ ಮೊಟ್ಟೆಗಳಿಂದ ಎದ್ದು, ಕೂಗುತ್ತ, ಕೆರೆಯ ಏರಿಯ ಮೇಲೆ ಹೋಗಿ ಕೂತಿತು. ಅವನು ಬಟ್ಟೆ ಸರಿಸಿ ಒಳಗೆ ಹೋದ. ಸ್ಟೂಲು ಅಲುಗಾಡಿತು. ಕಲ್ಲು ಕೊಡಬೇಕು ಎನ್ನಿಸಿತು. ಕೊಡಲಿಲ್ಲ. ಲೆನ್ಸನ್ನು ತಾನೇ ಒರೆಸಿದ. ಯಾರೂ ಏನೂ ಹೇಳಲಿಲ್ಲ. ಅವನಿಗೆ ಹಗುರೆನಿಸಿತು.

ಎಂಟಾಯಿತು. ಹಕ್ಕಿ ಬರಲಿಲ್ಲ. ಕೂಗುತ್ತಲೇ ಇತ್ತು. ದಣಿದು ಬರುತ್ತದೆ ಎಂದುಕೊಂಡ. ಒಂಬತ್ತಾಯಿತು. ಹಕ್ಕಿ ಏರಿಯಿಂದ ಇಳಿದು ನಲವತ್ತು ಹೆಜ್ಜೆ ದೂರದಲ್ಲಿ ನಿಂತಿತು. ಹತ್ತು ಹೆಜ್ಜೆ ಓಡಿ ಬಂತು. ಮತ್ತೆ ನಿಂತಿತು. ಅವನು ಲೆನ್ಸಿನಲ್ಲಿ ನೋಡಿದ. ಅದು ಲೆನ್ಸಿನ ಕಡೆ ನೋಡುತ್ತಿರಲಿಲ್ಲ. ಮರೆಯ ಹಿಂಬದಿಯ ಬಟ್ಟೆಯನ್ನು, ಅವನು ಒಳಗೆ ಹೋದ ಜಾಗವನ್ನು, ಓರೆಯಾಗಿ ನೋಡುತ್ತಿತ್ತು. ಒಬ್ಬ ಒಳಗೆ ಹೋದದ್ದನ್ನು ಅದು ಕಂಡಿತ್ತು. ಅವನು ಹೊರಗೆ ಬರುವುದನ್ನು ಕಾಯುತ್ತಿತ್ತು.

ಹತ್ತು ಗಂಟೆಗೆ ಕಲ್ಲುಗಳು ಕಾದವು. ಮೊಟ್ಟೆಗಳ ಮೇಲೆ ನೇರವಾಗಿ ಬಿಸಿಲು ಬಿದ್ದಿತ್ತು. ಹಕ್ಕಿ ನೀರಿರುವ ಮೂಲೆಗೆ ಹಾರಿತು. ನೀರಿನಲ್ಲಿ ಕೂತು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡಿತು. ಬೇಸಿಗೆಯಲ್ಲಿ ಟಿಟ್ಟಿಭ ಹಾಗೆ ಮಾಡುತ್ತದೆ. ನೆನೆದ ಹೊಟ್ಟೆಯನ್ನು ತಂದು ಮೊಟ್ಟೆಗಳ ಮೇಲಿಟ್ಟು ತಂಪು ಮಾಡುತ್ತದೆ. ಅದು ಓಡಿ ಓಡಿ ಬಂತು. ಮೂವತ್ತು ಹೆಜ್ಜೆಯ ಹತ್ತಿರ ನಿಂತುಬಿಟ್ಟಿತು. ಹೊಟ್ಟೆಯಿಂದ ಹನಿಗಳು ಬೀಳುತ್ತಿದ್ದವು. ಮುಂದೆ ಬರಲೊಲ್ಲದು. ಹಿಂದೆ ಹೋಗಲೊಲ್ಲದು. ಹನಿ ಬೀಳುವುದು ನಿಂತಿತು. ಹೊಟ್ಟೆ ಒಣಗಿತು. ಅದು ಮತ್ತೆ ನೀರಿಗೆ ಹೋಯಿತು. ಮತ್ತೆ ನೆನೆದು ಬಂತು. ಮತ್ತೆ ಅಲ್ಲಿಯೇ ನಿಂತಿತು.

ಮೂರನೆಯ ಬಾರಿ ಅದು ಬಂದು ನಿಂತಾಗ ಅವನು ಲೆನ್ಸಿನಲ್ಲಿ ಕಂಡದ್ದನ್ನು ಅದುವರೆಗೆ ಕಂಡಿರಲಿಲ್ಲ. ಒಂದು ಕಾಲು ಮುಂದೆ, ಮೈ ಹಿಂದೆ. ಕಣ್ಣಿನ ಮುಂದಿನ ಕೆಂಪು ತೊಗಲು ಬಿಸಿಲಿಗೆ ಉರಿಯುತ್ತಿದೆ. ಹೊಟ್ಟೆಯ ಕೆಳಗೆ ಒಂದು ಹನಿ, ಇನ್ನೂ ಬೀಳದೆ ನಿಂತಿದೆ. ಇದು ಮಾಸ್ತರ ಚಿತ್ರವಲ್ಲ. ಅವರ ಹಕ್ಕಿಗಳು ಮೊಟ್ಟೆಯ ಮೇಲೆ ನೆಮ್ಮದಿಯಿಂದ ಕೂತಿರುತ್ತವೆ. ಬೋರ್ಡಿನ ಮೇಲೆ ಇಂಥದನ್ನು ಯಾರೂ ಬರೆಯುವುದಿಲ್ಲ. ಆ ಪುಸ್ತಕದಲ್ಲಿಯೂ ಇದು ಇಲ್ಲ. ಇದು ತನ್ನದು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿ ಅವನಿಗೆ ಹಾಗೆ ಅನ್ನಿಸಿತು.

ಅವನು ಬೆರಳನ್ನು ಗುಂಡಿಯ ಮೇಲಿಟ್ಟ. ಇನ್ನೊಂದು ಕೈಯನ್ನು ಊರಿಕೊಳ್ಳಲೆಂದು ನೆಲಕ್ಕೆ ಇಳಿಸಿದ. ಅಂಗೈಗೆ ಕಲ್ಲು ತಗಲಿತು. ಸುಟ್ಟಿತು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅದು ಬಟ್ಟೆಯ ನೆರಳಿನಲ್ಲಿದ್ದ ಕಲ್ಲು.

ಅವನು ಲೆನ್ಸಿನಿಂದ ಕಣ್ಣು ತೆಗೆದು ಮೊಟ್ಟೆಗಳನ್ನು ನೋಡಿದ. ಆ ಬೆಳಿಗ್ಗೆ ಅವುಗಳನ್ನು ನೋಡಿದ್ದು ಅದೇ ಮೊದಲು.

ಒಂದು ಚಿತ್ರಕ್ಕೆ ಎಷ್ಟು ಹೊತ್ತು ಬೇಕು, ಕಣ್ಣು ಮಿಟುಕಿಸುವಷ್ಟು. ತೆಗೆದು ಹೋಗಬಹುದಲ್ಲ ಎನ್ನಿಸಿತು. ತೆಗೆದರೆ ಆ ಸದ್ದಿಗೆ ಹಕ್ಕಿ ಏರಿಗೆ ಹಾರುತ್ತದೆ. ನೀರು ಮತ್ತೆ ಒಣಗುತ್ತದೆ. ನಾಲ್ಕನೆಯ ಬಾರಿ ಅದು ಬರುತ್ತದೆಯೋ ಇಲ್ಲವೋ. ತೆಗೆಯದೆ ಹೋದರೆ ಮತ್ತೆ ಹದಿನಾಲ್ಕು ವರ್ಷ. ಅವನಿಗೆ ಏನೂ ತಿಳಿಯಲಿಲ್ಲ. ಕೇಳೋಣ ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಅವನು ಕ್ಯಾಮೆರಾವನ್ನು ಅಲ್ಲಿಯೇ ಬಿಟ್ಟು, ಹಿಂಬದಿಯ ಬಟ್ಟೆ ಸರಿಸಿ ಹೊರಗೆ ಬಂದ.

ಓಡಬೇಕು ಎನ್ನಿಸಿತು. ಓಡಿದರೆ ಹಕ್ಕಿ ಹೆದರುತ್ತದೆ. ಅವನು ಒಮ್ಮೆ ಕೆಮ್ಮಿದ. ಕೈಗಳನ್ನು ಇಳಿಬಿಟ್ಟ. ನಿಧಾನವಾಗಿ ನಡೆದ. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಹಿಂದಿರುಗಿ ನೋಡುವ ಆಸೆಯಾಯಿತು. ನೋಡಲಿಲ್ಲ. ಕೆರೆಯಂಗಳದ ನಡುವೆ ಬಂದಾಗ ಅವನಿಗೆ ತಾನು ಯಾರ ಹಾಗೆ ನಡೆಯುತ್ತಿದ್ದೇನೆ ಎಂದು ಗೊತ್ತಾಯಿತು. ಈ ನಡಿಗೆಯೂ ತನ್ನದಲ್ಲ. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ನಡಿಗೆಯನ್ನು ಬದಲಿಸಲಿಲ್ಲ. ಬೇರೆ ಯಾವ ನಡಿಗೆಯನ್ನೂ ಆ ಹಕ್ಕಿ ನಂಬುವುದಿಲ್ಲ.

ಜಾಲಿಯ ಮರದ ಕೆಳಗೆ ಬಂದು ನಿಂತ. ಅಷ್ಟು ವರ್ಷಗಳಲ್ಲಿ ಅವನು ಆ ಮರದ ಕೆಳಗೆ ಬಂದಿರಲಿಲ್ಲ. ಬೇರಿನ ಪಕ್ಕ ನೆಲ ಒಂದಾಳು ಕೂಡುವಷ್ಟು ನುಣ್ಣಗೆ ಸವೆದಿತ್ತು. ಅವನು ಅಲ್ಲಿ ಕೂತ. ತಿರುಗಿ ನೋಡಿದ.

ಅಲ್ಲಿಂದ ಹಕ್ಕಿ ಕಾಣುವುದಿಲ್ಲ.

ಮರೆ ಒಂದು ಕಂದು ಚುಕ್ಕೆಯಾಗಿ ಕಾಣುತ್ತದೆ. ಅದರ ಮುಂದೆ ಬಿಸಿಲ ಝಳ. ಮೊಟ್ಟೆಯಿಲ್ಲ, ಹಕ್ಕಿಯಿಲ್ಲ. ಮಾಸ್ತರು ಏನನ್ನೋ ನೋಡುತ್ತ ಕೂಡುತ್ತಾರೆ ಎಂದು ಅವನು ತಿಳಿದಿದ್ದ. ನೋಡಲು ಅಲ್ಲಿ ಏನೂ ಇರಲಿಲ್ಲ. ಮಡಚಲಾಗದ ಆ ಮೊಣಕಾಲುಗಳಲ್ಲಿ ಅವರು ಹದಿನಾಲ್ಕು ಬೇಸಿಗೆ ಇಷ್ಟು ದೂರ ನಡೆದು ಬಂದು ಕೂತದ್ದು ಇಲ್ಲಿ.

ಅವನು ಹಾಗೆಯೇ ಕೂತಿದ್ದಾಗ ಹಕ್ಕಿಯ ಕೂಗು ನಿಂತಿತು. ಬೆಳಿಗ್ಗೆ ಏಳರಿಂದ ಕೇಳುತ್ತಿದ್ದ ಕೂಗು. ಕೆರೆಯಂಗಳವೆಲ್ಲ ಒಮ್ಮೆಗೇ ಸುಮ್ಮನಾಯಿತು.

ಕುರಿಯವನು ಅತ್ತ ಬಂದ. ಅವನನ್ನು ಕಂಡು ನಿಂತ.

"ಇವತ್ತ ನಿಮ್ಮನ್ನ ಮಧ್ಯಾಹ್ನಕ್ಕ ಉಗುಳೇತಲ್ರಿ ಸಾಹೇಬ್ರ!"

ಅವನು ನಗಲಿಲ್ಲ. "ಮಾಸ್ತರು ಇಲ್ಲಿ ಕೂತು ಏನು ಮಾಡತಿದ್ರು?" ಎಂದು ಕೇಳಿದ.

"ಏನೂ ಮಾಡತಿರಲಿಲ್ರಿ. ಕಣ್ಣು ಮುಚ್ಚಿ ಕೂಗು ಕೇಳ್ತಿದ್ರು. ಕೂಗು ನಿಂತ ಕೂಡ್ಲೇ, ಹ್ಞಾ, ಈಗ ನಾ ಅಲ್ಲಿಲ್ಲ, ಅಂತಿದ್ರು. ಹಂಗಂದು ಟವೆಲು ಮುಖದ ಮ್ಯಾಲೆ ಹಾಕ್ಕೊಂಡು ಮಕ್ಕೊಂತಿದ್ರು." ಕುರಿಯವನು ಕೋಲಿನಿಂದ ಮರದ ಬುಡ ತೋರಿಸಿದ. "ಬಾಳ ಗೊರಕೀರಿ. ನನ್ನ ಕುರಿ ಬೆದರತಿದ್ವು."

ಹೀಗೆಂದು ಕುರಿಯವನು ಕುರಿಗಳನ್ನು ಹೊಡೆದುಕೊಂಡು ಹೋದ. ಛಾಯಾಗ್ರಾಹಕ ಸಂಜೆಯ ತನಕ ಅಲ್ಲಿಯೇ ಕೂತಿದ್ದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ ಕಾದ. ಅವನ ಮುಖದಲ್ಲಿ ಬರುವಾಗ ಇದ್ದುದಕ್ಕಿಂತ ಹೆಚ್ಚು ಗೊಂದಲವಿತ್ತು.

"ಆಮೇಲೇನಾತ್ರಿ ಅಜ್ಜಾರ? ಅಂವ ಆ ಚಿತ್ರ ತೆಗೆದನೇನ್ರಿ?"

"ನನಗ ಗೊತ್ತಿಲ್ಲ. ನಾಲ್ಕರಾಗ ಮೂರು ಮೊಟ್ಟಿ ಮರಿ ಆದವಂತ. ಅದಷ್ಟ ಗೊತ್ತು."

"ಒಂದು?"

"ಒಂದು ಆಗಲಿಲ್ಲ."

ಅಡಿವೆಪ್ಪ ತಲೆ ತಗ್ಗಿಸಿದ. ಆಮೇಲೆ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ನೂಕಿದ.

"ಕತಿ ತಿಳೀತ್ರಿ. ಕಲಿಸಿದವರು ದೊಡ್ಡವರು, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಚಿತ್ರ ನೋಡಿದ್ರ ಇವತ್ತಿಗೂ ಅವರ ಕಾಣ್ತಾರಲ್ರಿ. ಒಂದರಾಗರ ನಾ ಒಬ್ಬನ ಇರಬಾರದೇನ್ರಿ? ಅವರೆಲ್ಲಾ ಒಳಗ ಕೂತಬಿಟ್ಟಾರ. ಎಬ್ಬಿಸಿ ಹೊರಗ ಕಳಸೂದು ಹೆಂಗ?"

ಗುರುಗಳು ಪೆಟ್ಟಿಗೆಯ ಚಿಲಕ ತೆಗೆದರು. ಕೈಗೆ ಸಿಕ್ಕ ಒಂದು ನೆಗೆಟಿವ್ ಪಟ್ಟಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ನೆಲದ ಮೇಲೆ ಕೂತ ಒಂದು ಹಕ್ಕಿ. ಕಪ್ಪು ಬಿಳಿ ತಿರುವುಮುರುವಾಗಿತ್ತು. ಆದರೂ ಅದು ಹೆದರಿಲ್ಲ ಎಂಬುದು ತಿಳಿಯುತ್ತಿತ್ತು. ಅದರ ಕಣ್ಣು ನೇರವಾಗಿ ಚಿತ್ರ ತೆಗೆದವನ ಕಡೆಗಿತ್ತು.

ಅವರ ಕೈಯಲ್ಲಿದ್ದುದನ್ನು ಅಡಿವೆಪ್ಪನೂ ನೋಡುತ್ತಿದ್ದ. ಅವರು ಪಟ್ಟಿಯನ್ನು ಅದರ ಜಾಗದಲ್ಲಿಯೇ ಇಟ್ಟರು. ಚಿಲಕ ಹಾಕಿದರು. ಪೆಟ್ಟಿಗೆಯನ್ನು ಅವನ ಕಡೆ ಸರಿಸಿದರು.

"ಅವರು ಎದ್ದು ಹೋಗಿದ್ದನ್ನ ಹಕ್ಕಿ ನೋಡಿತ್ತಪಾ, ನೀ ನೋಡಲಿಲ್ಲ."